ನೋಡುತ್ತಿರುವವರು ಇಬ್ಬರು

ಗಲ್ಫಿನಲ್ಲಿರುವ ಮಕ್ಕಳಿಗೆ ಊರಿನ ಅಂತ್ಯಕ್ರಿಯೆಗಳನ್ನು ನೇರ ಪ್ರಸಾರದಲ್ಲಿ ತೋರಿಸುವುದು ನನ್ನ ಕೆಲಸ. ಕಾರ್ಕಳದ ಒಂದು ಮನೆಯಲ್ಲಿ, ಶವಪೆಟ್ಟಿಗೆ ಮುಚ್ಚುವ ಹೊತ್ತಿಗೆ ಸರಿಯಾಗಿ ಇಂಟರ್ನೆಟ್ ನಿಂತುಹೋಯಿತು. ದುಬೈಯಿಂದ ಮಗ ಫೋನ್ ಮಾಡಿ, "ಮುಚ್ಚಿದರಾ?" ಎಂದಷ್ಟೇ ಕೇಳಿದ. ಇಂಟರ್ನೆಟ್ ಕಂಪನಿ ಬದಲಿಸಬೇಕೆಂದು ಅಂದೇ ನಿರ್ಧರಿಸಿದೆ.

ಮುಂದಿನ ಕೆಲಸ ಕಲ್ಯಾಣಪುರದಲ್ಲಿ. ತೀರಿಕೊಂಡ ಹೆಂಗಸಿನ ಒಬ್ಬಳೇ ಮಗಳು ಕುವೈತಿನಲ್ಲಿ ನರ್ಸ್. ಅವಳಿಗೆ ರಜೆ ಸಿಕ್ಕಿರಲಿಲ್ಲ. ದೇಹ ಇನ್ನೂ ಮಣಿಪಾಲದ ಶವಾಗಾರದಲ್ಲಿತ್ತು. ಅಂತ್ಯಕ್ರಿಯೆಯ ಹಿಂದಿನ ದಿನವೇ ಎರಡು ಕಂಪನಿಗಳಿಂದ ಆ ಮನೆಗೆ ಪ್ರಯೋಗದ ಲೈನ್ ಎಳೆಸಿದೆ. ಮೊದಲನೆಯ ಕಂಪನಿಯವನು ಡೌನ್‌ಲೋಡ್ ವೇಗವನ್ನೇ ಹೊಗಳುತ್ತಿದ್ದ.

"ನನಗೆ ಬೇಕಾದದ್ದು ಅಪ್‌ಲೋಡ್. ಇಲ್ಲಿಂದ ಆಚೆಗೆ ಹೋಗುವುದು."

"ಅದೂ ಉಂಟು ಮೇಡಂ, ಎಂತ ಹೆದರುವುದು!"

ಅವನು ಹೋದ ಮೇಲೆ ಕ್ಯಾಮೆರಾವನ್ನು ಪೆಟ್ಟಿಗೆ ಇಡಬೇಕಾದ ಖಾಲಿ ಬೆಂಚಿನ ಕಡೆ ತಿರುಗಿಸಿದೆ. ಲಿಂಕನ್ನು ಮಗಳಿಗೂ, ಮನೆಯ ನಂಬರ್ ಎಂದು ತೀರಿಕೊಂಡವರ ತಮ್ಮ ಕೊಟ್ಟಿದ್ದ ನಂಬರಿಗೂ ಕಳಿಸಿದ್ದೆ. ಮಗಳು ಡ್ಯೂಟಿಯಲ್ಲಿದ್ದಳು. ತಮ್ಮ ನನ್ನ ಪಕ್ಕದಲ್ಲೇ ಬರಿಗೈಯಲ್ಲಿ ನಿಂತಿದ್ದರು. ಆದರೂ ಪರದೆಯ ಮೇಲೆ 'ನೋಡುತ್ತಿರುವವರು: ಒಬ್ಬರು' ಎಂದಿತ್ತು.

"ಕೇಳಿಸ್ತಾ ಉಂಟಾ?" ಎಂದೆ.

ಸ್ವಲ್ಪ ಹೊತ್ತಿನ ಬಳಿಕ, ಮುಚ್ಚಿದ ಕೋಣೆಯೊಳಗಿಂದ ನನ್ನದೇ ದನಿ ಕೇಳಿತು: "ಕೇಳಿಸ್ತಾ..." ಅಲ್ಲಿಗೇ ತುಂಡಾಯಿತು.

ನಾನು ಆ ಕಡೆ ತಿರುಗಿದೆ. ತಮ್ಮ ಗಡಿಬಿಡಿಯಿಂದ ಬಾಗಿಲು ತೆರೆದರು. ಮಂಚದ ಮೇಲೆ, ದಿಂಬಿಗೆ ಒರಗಿಸಿಟ್ಟ ಫೋನು. ಅದರಲ್ಲಿ ಖಾಲಿ ಬೆಂಚು, ಲೈನ್ ಸಿಗದೆ ನಿಂತುಹೋದ ಚಿತ್ರ.

"ಅಕ್ಕನ ಫೋನು, ಬಾಯೆ. ನೀನು ತೋರಿಸಿದ ಒಂದು ಸಾವನ್ನೂ ಅವಳು ಬಿಟ್ಟವಳಲ್ಲ. ಹಾಗೆ ಹಾಕಿಟ್ಟೆ," ಎಂದರು, ಬೈಸಿಕೊಳ್ಳುವವರ ಹಾಗೆ.

ಎರಡನೇ ಕಂಪನಿಯ ಲೈನಿಗೆ ಬದಲಿಸಿ ಮತ್ತೆ ಅದನ್ನೇ ಕೇಳಿದೆ. ಈ ಸಲ ಕೋಣೆಯಿಂದ ಪ್ರಶ್ನೆ ಪೂರ್ತಿಯಾಗಿ ಬಂತು. ಸಂಜೆಯವರೆಗೂ ಆಗಾಗ ಕೇಳುತ್ತಲೇ ಇದ್ದೆ, ಒಮ್ಮೆಯೂ ತುಂಡಾಗಲಿಲ್ಲ. ಆ ಕಂಪನಿಯನ್ನೇ ಆರಿಸಿಕೊಂಡೆ.

"ಈಗ ಅವಳಿಗೆ ಸರಿ ಕಾಣ್ತದೆ," ಎಂದರು ತಮ್ಮ. ಮರುದಿನ ಬೆಳಿಗ್ಗೆ ಅವರೇ ಆ ಫೋನನ್ನು ಮತ್ತೆ ದಿಂಬಿಗೆ ಒರಗಿಸಿದರು.

ಪೆಟ್ಟಿಗೆ ಮುಚ್ಚುವವರೆಗೂ ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಎಲ್ಲರೂ ಇಗರ್ಜಿಯ ಕಡೆ ಹೊರಟ ಮೇಲೆ ಮಗಳು ಫೋನ್ ಮಾಡಿದಳು.

"ಅಮ್ಮನ ಮುಖ ಕೊನೆಯವರೆಗೂ ಕಂಡಿತು." ಆಮೇಲೆ ಕೇಳಿದಳು, "ಇಬ್ಬರು ನೋಡ್ತಿದ್ದಾರೆ ಅಂತ ಉಂಟು, ಅಲ್ವಾ? ಇನ್ನೊಬ್ಬರು ಯಾರು?"

ಕ್ಯಾಮೆರಾ ಇನ್ನೂ ಆರಿಸಿರಲಿಲ್ಲ. ಮನೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಕೋಣೆಯ ಬಾಗಿಲು ಮುಚ್ಚಿತ್ತು.

"ಮನೆಯವರೇ," ಎಂದೆ.

ಸ್ವಲ್ಪ ಹೊತ್ತಿನ ಬಳಿಕ ಒಳಗಿನಿಂದಲೂ ಅದೇ ಉತ್ತರ ಬಂತು.