ಅಲ್ಲಿ ಅಂದರೆ ಎಲ್ಲಿ?

ಹೆರಿಗೆ ಮಾಡಿಸಿದ ವೈದ್ಯರನ್ನು ಊರೆಲ್ಲ ನೆನೆಯುತ್ತದೆ. ಹೆರುವ ವಯಸ್ಸು ಮುಗಿಯುತ್ತ ಬಂದ ಹೆಂಗಸರನ್ನು ಕೂರಿಸಿಕೊಂಡು ಮಾತಾಡಿಸಿದವರನ್ನು ನೆನೆಯುವವರು ಕಡಿಮೆ. ಎಲ್ಲರ ಬಾಯಲ್ಲೂ ಬರೀ ‘ಡಾಕ್ಟರಮ್ಮ’ ಆಗಿರುವ ನಮ್ಮ ಸ್ತ್ರೀರೋಗ ವಿಭಾಗದ ಹಿರಿಯ ವೈದ್ಯೆ, ಈ ಎರಡನೆಯ ಕೆಲಸವನ್ನೇ ತಮ್ಮ ಸೇವೆಯ ಹೆಗ್ಗುರಿಯಾಗಿಸಿಕೊಂಡರು. ನಲವತ್ತು ದಾಟಿ, ಮುಟ್ಟು ಪೂರ್ತಿ ನಿಲ್ಲದೆ, ಮೊದಲಿನ ಹಾಗೂ ಇರದೆ ತೊಳಲಾಡುವವರ ಆರೈಕೆಯಲ್ಲಿ ಅವರದು ದೊಡ್ಡ ಹೆಸರು. ಆ ಹೆಸರಿನಲ್ಲಿ ಅವರ ಪದವಿಗಳಿಗೆ ಎಷ್ಟು ಪಾಲಿದೆಯೋ, ಅವರು ಕೇಳುವ ಒಂದು ಪ್ರಶ್ನೆಗೂ ಅಷ್ಟೇ ಪಾಲಿದೆ.

ಸೇವೆಗೆ ಸೇರಿದ ಹೊಸತರಲ್ಲಿ ಅವರಿಗೆ ಸಿಕ್ಕಿದ್ದು ಉದ್ದ ಓಣಿಯ ಕೊನೆಯ ಕೋಣೆ: ಒಂದು ಮೇಜು, ಪರದೆಯ ಹಿಂದೆ ಮಂಚ, ಎಷ್ಟು ತಿರುವಿದರೂ ತೊಟ್ಟಿಕ್ಕುವ ನಲ್ಲಿ. ಬಂದ ಹೆಂಗಸರು ತಲೆನೋವು, ಮಂಡಿನೋವು, ಸುಸ್ತು ಎಂದು ಹೇಳಿ, ಚೀಟಿ ಬರೆಸಿಕೊಂಡು ಎದ್ದು, ಬಾಗಿಲ ಚಿಲಕಕ್ಕೆ ಕೈಯಿಟ್ಟ ಮೇಲೆ ನಿಜವಾದ ಮಾತು ತೆಗೆಯುತ್ತಿದ್ದರು. “ಮತ್ತೆ... ಅಲ್ಲಿ ಸ್ವಲ್ಪ ಉರಿ.”

“ಅಲ್ಲಿ ಅಂದ್ರೆ ಎಲ್ಲಿ ತಾಯಿ? ಬಸ್ ಸ್ಟ್ಯಾಂಡಲ್ಲಾ?” ಎನ್ನುತ್ತಿದ್ದರು ಡಾಕ್ಟರಮ್ಮ. ಹೆಂಗಸು ನಕ್ಕುಬಿಡುತ್ತಿದ್ದಳು, ನಕ್ಕವಳು ಮತ್ತೆ ಕೂರುತ್ತಿದ್ದಳು. ಕೊನೆಗೆ ಅವರು ಬಾಗಿಲ ಪಕ್ಕದಲ್ಲೇ ಒಂದು ಸ್ಟೂಲು ಹಾಕಿಸಿದರು. ಹಿರಿಯ ವೈದ್ಯರು ಗೊಣಗಿದಾಗ, “ಕಾಯಿಲೆ ಬಾಗಿಲ ಹತ್ರ ಬಂದ್ಮೇಲೇ ಬಾಯಿ ಬಿಡುತ್ತೆ, ನಾನೇನ್ ಮಾಡ್ಲಿ ಸಾರ್?” ಎಂದು ತಮ್ಮ ಪಾಡಿಗೆ ತಾವು ಕೆಲಸ ಮುಂದುವರಿಸಿದರು.

ಆ ಸ್ಟೂಲಿನ ಬೆಲೆಯನ್ನು ಚೆನ್ನಾಗಿ ಬಲ್ಲವರು ನಮ್ಮ ಆಸ್ಪತ್ರೆಯ ಔಷಧಿ ಕೌಂಟರಿನ ಅಕ್ಕ. ವರ್ಷಗಟ್ಟಲೆ ಡಾಕ್ಟರಮ್ಮನ ಚೀಟಿ ಓದಿ ಔಷಧಿ ಕೊಟ್ಟವರು ಅವರು. ನಲವತ್ನಾಲ್ಕಕ್ಕೆ ಕಾಲಿಟ್ಟಾಗ ಅಕ್ಕನ ಮುಟ್ಟು ಏರುಪೇರಾಯಿತು. ಜೊತೆಗೆ ಉರಿ, ನವೆ, ಪದೇ ಪದೇ ಮೂತ್ರಕ್ಕೆ ಅವಸರ. ಬೇರೆಯವರಾಗಿದ್ದರೆ ವೈದ್ಯರ ಬಳಿ ಹೋಗುತ್ತಿದ್ದರು. ಈ ಅಕ್ಕನಿಗೋ, ಕೈಚಾಚಿದರೆ ಸಾಕು, ಕಪಾಟು ತುಂಬ ಮುಲಾಮು! ಇದು ಫಂಗಸ್ಸೇ ಎಂದು ತಾವೇ ತೀರ್ಮಾನಿಸಿ ಒಂದು ಟ್ಯೂಬು ಹಚ್ಚಿದರು, ಮುಗಿದ ಮೇಲೆ ಇನ್ನೊಂದು. ಸಾಲದ್ದಕ್ಕೆ ಸ್ನಾನದ ನೀರಿಗೆ ಕ್ರಿಮಿನಾಶಕ ದ್ರಾವಣ ಬೆರೆಸಿ ತೊಳೆದರು. ಉರಿ ಇಮ್ಮಡಿಸಿತು. ಔಷಧಿ ಕೊಡುವವಳೇ ಹೋಗಿ ಔಷಧಿ ಕೇಳುವುದು ಹೇಗೆ ಎಂಬ ನಾಚಿಕೆ ಬೇರೆ.

ಅಕ್ಕನ ಯಜಮಾನರು ಬಸ್ಸಿನ ಡ್ರೈವರು, ಮಹಾ ಮಾತುಗಾರ. ಮನೆಗೆ ಬಂದರೆ ಹೆಂಡತಿಯ ಪಕ್ಕ ಕೂತು ದಾರಿಯ ಕಥೆಯೆಲ್ಲ ಹೇಳಿದರೇ ಅವರಿಗೆ ಸಮಾಧಾನ. ಗಂಡನೊಡನೆ ಕೂಡುವುದೆಂದರೆ ಗಾಯಕ್ಕೆ ಖಾರ ಸವರಿದಂತೆ ನರಳುತ್ತಿದ್ದ ಅಕ್ಕ, ಮಗಳ ಪರೀಕ್ಷೆಯ ನೆವ ಹೇಳಿ ಹಾಸಿಗೆಯನ್ನು ಅವಳ ಕೋಣೆಗೆ ಒಯ್ದರು. ಡೀಸೆಲ್ ವಾಸನೆ ಹೆಂಡತಿಗೆ ಆಗುತ್ತಿಲ್ಲವೇನೋ ಎಂದುಕೊಂಡು ಆ ಪುಣ್ಯಾತ್ಮ ಘಮಘಮಿಸುವ ಸೋಪು ತಂದಿಟ್ಟುಕೊಂಡರು. “ನನ್ ಮೇಲೆ ಕೋಪಾನೇನೇ?” ಎಂದರೆ, “ಏನಿಲ್ಲ, ಸುಸ್ತು” ಎಂಬ ಉತ್ತರ. ಕ್ರಮೇಣ ಅವರು ರಜೆಯ ದಿನವೂ ಡ್ಯೂಟಿ ಕೇಳಿ ಪಡೆಯತೊಡಗಿದರು. ಗಂಡ ಕೈತಪ್ಪಿ ಹೋಗುತ್ತಿದ್ದಾನೆ ಎಂದು ಅಕ್ಕನಿಗೆ ಗೊತ್ತಾಗುತ್ತಿತ್ತು. ತಡೆಯುವ ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೌಂಟರಿಗೆ ಬಂದ ಡಾಕ್ಟರಮ್ಮ, ಕುರ್ಚಿ ಖಾಲಿಯಿದ್ದರೂ ಅಕ್ಕ ನಿಂತೇ ಇರುವುದನ್ನು ಕಂಡರು. “ಯಾಕೇ, ಕುರ್ಚಿಗೆ ಮುಳ್ಳು ಬಂದಿದ್ಯಾ?” ಎಂದು ತಮ್ಮ ಕೋಣೆಗೆ ಕರೆದೊಯ್ದು ಸ್ಟೂಲು ತೋರಿಸಿದರು.

“ಡಾಕ್ಟರಮ್ಮ... ಅಲ್ಲಿ...”

“ಅಲ್ಲಿ ಅಂದ್ರೆ ಎಲ್ಲಿ?”

ಬಾಯಿ ತಿರುಗದಂಥ ಔಷಧಿಗಳ ಹೆಸರನ್ನೆಲ್ಲ ಸರಾಗವಾಗಿ ಓದುವ ಅಕ್ಕ, ತಮ್ಮದೇ ಅಂಗದ ಹೆಸರು ಹೇಳಲಾರದೆ ಕೂತರು. ಕೊನೆಗೆ “ಯೋನಿ” ಎಂದವರೇ ಅತ್ತುಬಿಟ್ಟರು.

“ನೋಡು, ಹೇಳಿದ್ದಕ್ಕೆ ಆಸ್ಪತ್ರೆ ಕುಸಿದು ಬಿತ್ತಾ?” ಎಂದು ಕಣ್ಣೊರೆಸಿಕೊಳ್ಳಲು ಬಿಟ್ಟು, ಪರೀಕ್ಷಿಸಿ, ಸೋಂಕಿನ ಪರೀಕ್ಷೆಯನ್ನೂ ಮಾಡಿಸಿದರು. ವರದಿ ಬಂದ ದಿನ ಹೇಳಿದರು: “ಫಂಗಸ್ಸೂ ಇಲ್ಲ ಗಿಂಗಸ್ಸೂ ಇಲ್ಲ. ಮುಟ್ಟು ನಿಲ್ಲೋಕೆ ಕೆಲವು ವರ್ಷ ಮುಂಚೇನೇ ಹಾರ್ಮೋನು ಹಿಂದೆಮುಂದೆ ಆಗುತ್ತೆ, ಒಳಪದರ ತೆಳುವಾಗಿ ಒಣಗುತ್ತೆ. ಒಣಗಿರೋದನ್ನ ನೀನು ತೊಳೆದೂ ತೊಳೆದೂ ಇನ್ನಷ್ಟು ಒಣಗಿಸಿದೀಯ. ಆ ದ್ರಾವಣ ನೆಲ ಒರೆಸೋಕೆ ಇಟ್ಕೋ. ಸೋಪೂ ಬೇಡ, ಹೊರಗಡೆ ಬರೀ ನೀರು ಸಾಕು. ತೇವ ಉಳಿಸೋ ಜೆಲ್ ತಪ್ಪದೆ ಹಚ್ಚು. ಜೊತೆಗೂಡೋವಾಗ ನೀರಿನಂಶದ ಜೆಲ್ ಬೇರೆ ಇದೆ. ಅಷ್ಟಕ್ಕೂ ಸಾಲದಿದ್ರೆ ಹಾರ್ಮೋನಿನ ಕ್ರೀಮು ಕೊಡೋಣ. ನಾನು ಬರೆದುಕೊಟ್ಟ ಮೇಲೆ ಮಾತ್ರ, ಕಪಾಟಿಗೆ ಕೈ ಹಾಕಿದ್ರೆ ಜೋಕೆ! ಕೂಡಿದ ಮೇಲೆ ರಕ್ತ ಕಂಡ್ರೆ ಕಾಯದೆ ಬಂದು ತೋರಿಸು. ಇನ್ನೊಂದು, ಯಜಮಾನರಿಗೆ ಇವತ್ತೇ ಹೇಳು.”

ಅಂದು ಸಂಜೆ ಅಕ್ಕ ಹೇಳಿದರು, ಹೆಸರು ಸಮೇತ ಹೇಳಿದರು. ಡ್ರೈವರು, “ಅಯ್ಯೋ ನಿನ್ನ! ಇಷ್ಟು ದಿನ ಒಬ್ಳೇ ನೋವು ತಿಂದ್ಯಾ? ನಾನಿಲ್ಲಿ ಮದುವಣಿಗನ ಹಾಗೆ ಸೋಪು ಉಜ್ಕೊಂಡು ಸಾಯ್ತಿದ್ನಲ್ಲೇ!” ಎಂದರು. ಇಬ್ಬರೂ ನಕ್ಕರು. ಉರಿ ಒಂದೇ ದಿನಕ್ಕೆ ಹೋಗಲಿಲ್ಲ. ವಾರಗಳು ಹಿಡಿದವು, ಕ್ರೀಮೂ ಬೇಕಾಯಿತು. ಆದರೆ ಹಾಸಿಗೆ ಹಳೆಯ ಜಾಗಕ್ಕೆ ಮರಳಿತು, ದಾರಿಯ ಕಥೆಗಳೂ ಮರಳಿದವು. ಈಗ ಔಷಧಿ ಕೌಂಟರಿನ ಪಕ್ಕದಲ್ಲೂ ಒಂದು ಸ್ಟೂಲಿದೆ. ಮತ್ತೆ ಮತ್ತೆ ಮುಲಾಮು ಕೇಳಿ ಬರುವ ಹೆಂಗಸರನ್ನು ಅಕ್ಕ ಅಲ್ಲಿ ಕೂರಿಸಿ ಮಾತಾಡಿಸಿ, ಓಣಿಯ ಕೊನೆಗೆ ಕಳಿಸುತ್ತಾರೆ.

ಮೊನ್ನೆ ಡಾಕ್ಟರಮ್ಮನ ನಿವೃತ್ತಿಗೆಂದು ವಿಭಾಗದವರು ಏರ್ಪಡಿಸಿದ್ದ ಬೀಳ್ಕೊಡುಗೆಯ ಚಹಾಕೂಟದಲ್ಲಿ, ಮುಂದೇನು ಎಂದು ಯಾರೋ ಕೇಳಿದರು. ಎಂದೂ ಮಾತಿಗೆ ತಡವರಿಸದ ಡಾಕ್ಟರಮ್ಮ ಅಂದು ತಡವರಿಸಿದರು. “ಎಲ್ಲಿಗ್ ಹೋಗ್ಲಿ, ಅಲ್ಲೇ ಎಲ್ಲಾದ್ರೂ ಇರ್ತೀನಿ” ಎಂದರು.

ಹಿಂದಿನ ಸಾಲಿನಿಂದ ಗಂಡಸಿನ ದನಿಯೊಂದು ಗಟ್ಟಿಯಾಗಿ ಕೇಳಿತು: “ಅಲ್ಲಿ ಅಂದ್ರೆ ಎಲ್ಲಿ ಡಾಕ್ಟರಮ್ಮ? ಬಸ್ ಸ್ಟ್ಯಾಂಡಲ್ಲಾ?”

ಸಭೆ ಬಿದ್ದು ಬಿದ್ದು ನಕ್ಕಿತು. ಅಕ್ಕ ನಾಚಿ ಡ್ರೈವರ ತೋಳಿಗೊಂದು ಏಟು ಕೊಟ್ಟರು. ಕೊಟ್ಟ ಕೈಯನ್ನು ಅಲ್ಲೇ ಬಿಟ್ಟರು. ಅದನ್ನು ನೋಡಿದ ಡಾಕ್ಟರಮ್ಮ ಕಣ್ಣೊರೆಸಿಕೊಂಡು, “ಬಾಗಿಲ ಹತ್ರ ಕಣಪ್ಪ, ವಾರಕ್ಕೊಂದಿನ ಬರ್ತೀನಿ” ಎಂದರು. ಪೂಜ್ಯ ಡಾಕ್ಟರಮ್ಮನವರಿಗೆ ತುಂಬು ಆಯುಸ್ಸು, ಗಟ್ಟಿ ಆರೋಗ್ಯ ಒದಗಲಿ. ಚಿಲಕಕ್ಕೆ ಕೈಯಿಟ್ಟು ತಡವರಿಸುವ ಹೆಂಗಸರೆಲ್ಲರಿಗೂ ಅವರ ಪ್ರಶ್ನೆ ಇನ್ನೂ ಬಹುಕಾಲ ಕೇಳಿಸುತ್ತಿರಲಿ.