ಪಡಿ ಚೀಟಿ ನಿಲ್ಲಿಸಿದ ಎರಡು ತಿಂಗಳು

ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಸರ್ಕಾರಿ ಕೆಲಸ ಸಿಕ್ಕಿತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಮನೆಯ ಹೆಣ್ಣುಮಗಳೊಬ್ಬಳು ಸರ್ಕಾರದ ಆರ್ಡರು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅಪ್ಪ ಎರಡೂ ಮಗ್ಗ ನಿಲ್ಲಿಸಿ, ಕೈ ಒರೆಸಿಕೊಂಡು, ಆ ಕಾಗದವನ್ನು ದೇವರ ಮುಂದೆ ಇಟ್ಟರು. ಕೆಲಸ ಏನೆಂದು ನಮಗಿಬ್ಬರಿಗೂ ಸರಿಯಾಗಿ ತಿಳಿದಿರಲಿಲ್ಲ. ಮೇಲ್ವಿಚಾರಕಿ ಎಂದಷ್ಟೇ ಅದರಲ್ಲಿತ್ತು.

ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಇಳಿದ ಮೇಲೆ ಒಂದೂವರೆ ಮೈಲಿ ನಡಿಗೆ. ಕಲ್ಲುಗುಡ್ಡದ ಕೆಳಗೆ, ಯಾರಿಗೂ ಬೇಡವಾದ ಗೋಮಾಳದ ಅಂಚಿನಲ್ಲಿ ಸರ್ಕಾರ ಮೂವತ್ತು ಮನೆಯ ಕಾಲೋನಿ ಕಟ್ಟಿಸಿತ್ತು. ಬಲೆ ಹಾಕಿ ಕೌಜುಗದ ಹಕ್ಕಿ ಹಿಡಿಯುತ್ತ, ಮಣಿಸರ ಮಾರುತ್ತ ಊರೂರು ಅಲೆಯುತ್ತಿದ್ದ ಜನರನ್ನು ಕರೆತಂದು ಅಲ್ಲಿ ನೆಲೆ ನಿಲ್ಲಿಸಿದ್ದರು. ಅವರ ಹೆಸರು ಬರೆದಿಡುವುದು, ತಿಂಗಳಿಗೊಮ್ಮೆ ಅಕ್ಕಿ, ಗೋಧಿ, ಸೀಮೆಎಣ್ಣೆಗೆ ಚೀಟಿ ಕೊಡುವುದು, ಮಕ್ಕಳನ್ನು ದೂರದ ವಸತಿಶಾಲೆಗೆ ಕಳಿಸುವುದು ನನ್ನ ಕೆಲಸ. ನನ್ನ ಚೀಟಿ ತೋರಿಸಿದರೆ ಮಾತ್ರ ಪಕ್ಕದ ಹಳ್ಳಿಯ ಸೊಸೈಟಿಯಲ್ಲಿ ಪಡಿ. ನನ್ನಪ್ಪನ ವಯಸ್ಸಿನ ಗಂಡಸರು ನಾನು ಬಂದದ್ದು ಕಂಡರೆ ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. "ಮೇಡಮ್ಮ" ಎನ್ನುತ್ತಿದ್ದರು. ನನಗಾಗ ಇಪ್ಪತ್ತಮೂರು. ಅದು ನನಗೆ ಹಿತವಾಗಿತ್ತು ಎಂಬುದನ್ನು ಈಗ ಮುಚ್ಚಿಟ್ಟು ಏನು ಬಂತು?

ಮಕ್ಕಳು ವಸತಿಶಾಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹೋದ ವಾರದೊಳಗೆ ಓಡಿ ಬರುತ್ತಿದ್ದವು. ಕೆಲವನ್ನು ಹೆತ್ತವರೇ ಕಳಿಸುತ್ತಿರಲಿಲ್ಲ. ತಾಲ್ಲೂಕಿನಲ್ಲಿದ್ದ ನನ್ನ ಮೇಲಧಿಕಾರಿ ಒಂದು ದಿನ ಕರೆದು ಕೂರಿಸಿದರು.

"ನೋಡಮ್ಮಾ, ಬಾಯಿಮಾತಿಗೆ ಬಗ್ಗೋ ಜನ ಅಲ್ಲ ಅವರು. ಮಗು ಕಳಿಸದವರಿಗೆ ಚೀಟಿ ನಿಲ್ಲಿಸಿ. ತಾವಾಗೇ ಕಳಿಸ್ತಾರೆ."

"ಹಾಗೆ ಮಾಡಬಹುದಾ ಸಾರ್?"

"ಅವರ ಒಳ್ಳೇದಕ್ಕೇ ತಾನೆ?"

ಗೌರಿಹಬ್ಬ ಕಳೆದ ಮೇಲೆ ಆರು ಮನೆಗೆ ಚೀಟಿ ನಿಲ್ಲಿಸಿದೆ. ಐದು ಮನೆಯವರು ಹತ್ತೇ ದಿನದಲ್ಲಿ ಮಕ್ಕಳನ್ನು ತಂದು ನನ್ನ ಮುಂದೆ ನಿಲ್ಲಿಸಿದರು. ಉಪಾಯ ಫಲಿಸಿತೆಂದು ನಾನು ಹಿಗ್ಗಿದೆ. ಕೊನೆಯ ಸಾಲಿನ ಮನೆಯ ಹೆಂಗಸೊಬ್ಬಳು ಮಾತ್ರ ಬರಲಿಲ್ಲ. ಅವಳ ಮನೆಯಲ್ಲಿ ಗಂಡ, ಕಣ್ಣು ಮಂಜಾದ ಅತ್ತೆ, ಒಂಬತ್ತು ವರ್ಷದ ಮಗಳು. ನಾನೇ ಬಾಗಿಲಿಗೆ ಹೋದೆ.

"ಹುಡುಗೀನ ಕಳಿಸ್ತೀಯೋ ಇಲ್ವೋ?"

"ಇಲ್ಲ ಮೇಡಮ್ಮ."

"ಊಟ, ಬಟ್ಟೆ, ಪುಸ್ತಕ ಎಲ್ಲಾ ಸರ್ಕಾರನೇ ಕೊಡುತ್ತೆ. ನಿನಗೇನು ಕಷ್ಟ?"

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಉತ್ತರ ಕೊಡಲಿಲ್ಲ. ಒಳಗಿನಿಂದ ಮುದುಕಿ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಮೊಂಡುತನ ಎಂದುಕೊಂಡು ನಾನು ಹಿಂದಿರುಗಿದೆ. ಎರಡನೆಯ ತಿಂಗಳೂ ಚೀಟಿ ಕೊಡಲಿಲ್ಲ. ಆ ತಿಂಗಳ ಕೊನೆಯಲ್ಲಿ ಹೋದಾಗ ಅವರ ಬಾಗಿಲು ತೆರೆದೇ ಇತ್ತು. ಪಾತ್ರೆಯಿಲ್ಲ, ಬಲೆಯಿಲ್ಲ, ಜನವಿಲ್ಲ. ಒಲೆಯ ಬೂದಿ ತಣ್ಣಗಿತ್ತು. ನಾನು ಪುಸ್ತಕ ತೆಗೆದು ಅವರ ಹೆಸರಿನ ಮುಂದೆ 'ವಾಸವಿಲ್ಲ' ಎಂದು ಬರೆದೆ.

ಆ ದಿನಗಳಲ್ಲಿ ನಾನು ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಎ. ಓದುತ್ತಿದ್ದೆ. ಅಮೆರಿಕದ ಇತಿಹಾಸ ಒಂದು ವಿಷಯ. ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಅಪ್ಪ ಜಗಲಿಯ ಮೇಲೆ ಕೂತು, "ಅದೇನು ಓದ್ತಿದ್ದೀಯೋ, ಸ್ವಲ್ಪ ಜೋರಾಗಿ ಓದಮ್ಮ, ನಾನೂ ಕೇಳ್ತೀನಿ" ಎಂದರು. ಆವತ್ತಿನ ಪಾಠ ಲಕೋಟಾ ಜನರದ್ದು.

"ಲಕೋಟೆ ಅಂದ್ರೆ? ಅಂಚೆ ಲಕೋಟೆನಾ?"

"ಅಲ್ಲಪ್ಪ, ಅದೊಂದು ಜನ. ಬಯಲಲ್ಲಿ ಕಾಡೆಮ್ಮೆ ಬೇಟೆಯಾಡ್ಕೊಂಡು ಇದ್ದೋರು."

ಕಾಡೆಮ್ಮೆಗಳು ಮುಗಿದ ಮೇಲೆ ಅಲ್ಲಿನ ಸರ್ಕಾರ ಆ ಜನರನ್ನು ಗಡಿ ಹಾಕಿದ ನೆಲದಲ್ಲಿ ನಿಲ್ಲಿಸಿತು. ಅವರ ಮೇಲೆ ಒಬ್ಬ ಏಜೆಂಟನನ್ನು ಕೂರಿಸಿತು. ಮಾಂಸ, ಹಿಟ್ಟು, ಕಾಫಿಪುಡಿ ಹಂಚುವವನು ಅವನೇ. ಗಡಿ ದಾಟಿ ನೆಂಟರನ್ನು ನೋಡಿಬರಬೇಕೆಂದರೆ ಅವನ ಅನುಮತಿ ಬೇಕು. ಇಂಥ ಏಜೆಂಟರಲ್ಲಿ ಕೆಲವರು ಜನರ ಪಾಲಿನದನ್ನು ಕದ್ದು ಮಾರಿದರು. ಕೆಲವರು ನಿಜವಾಗಿಯೂ ಆ ಜನರಿಗೆ ಒಳ್ಳೆಯದಾಗಲಿ ಎಂದು ಬಯಸಿದವರು. ಮಕ್ಕಳನ್ನು ದೂರದ ಶಾಲೆಗೆ ಕಳಿಸಲೊಪ್ಪದ ಮನೆಗಳಿಗೆ ಪಡಿ ನಿಲ್ಲಿಸುವುದು ಅವರಿಗೆಲ್ಲ ಗೊತ್ತಿದ್ದ ದಾರಿ.

ನಾನು ಆ ಸಾಲಿಗೆ ಬಂದು ಓದು ನಿಲ್ಲಿಸಿದೆ. ಕಳ್ಳ ಏಜೆಂಟರ ವಿಷಯ ಓದುವಾಗ ನನಗೇನೂ ಅನ್ನಿಸಿರಲಿಲ್ಲ. ಒಳ್ಳೆಯವರ ವಿಷಯ ಬಂದಾಗ ಮೈ ಬಿಸಿಯಾಯಿತು.

"ಯಾಕಮ್ಮ?" ಎಂದರು ಅಪ್ಪ. ನಾನು ಎಲ್ಲ ಹೇಳಿದೆ.

"ನೂಲಿಗೆ ಕಂಟ್ರೋಲ್ ಇದ್ದ ಕಾಲದಲ್ಲಿ ನಾನೂ ಒಬ್ಬ ಇನ್‌ಸ್ಪೆಕ್ಟ್ರ ಚೀಟಿಗೆ ಕಾಯ್ತಾ ನಿಂತಿದ್ದೀನಿ ಕಣಮ್ಮ. ಆತ ಕೆಟ್ಟೋನೇನಲ್ಲ. ಆದ್ರೆ ಆತ ತಲೆ ಎತ್ತಿ ನೋಡೋವರೆಗೆ ನನಗೆ ಉಸಿರೇ ಆಡ್ತಿರ್ಲಿಲ್ಲ."

ಮಾರನೆಯ ದಿನ ಕಾಲೋನಿಗೆ ಹೋಗಿ, ಖಾಲಿ ಮನೆಯ ಪಕ್ಕದಲ್ಲಿದ್ದ ಮುದುಕನನ್ನು ಕೇಳಿದೆ. ಅವನಿಗೆ ಮೊದಲು ಹೆದರಿಕೆ. ಪೊಲೀಸರು ಬರುವುದಿಲ್ಲ ಎಂದು ಎರಡೆರಡು ಸಲ ಹೇಳಿದ ಮೇಲೆ, "ನಂದಗುಡಿ ಕಡೆ ಅವ್ರೆ. ರಾಗಿ ಕೊಯ್ದ ಹೊಲದಾಗೆ ಹಕ್ಕಿ ಇಳೀತವಲ್ಲ, ಅಲ್ಲಿ" ಎಂದ.

ದೇವನಹಳ್ಳಿ, ಸೂಲಿಬೆಲೆ ದಾಟಿ, ಎರಡು ಬಸ್ಸು ಬದಲಿಸಿ ಹೋದೆ. ಕೊಯ್ದ ರಾಗಿಹೊಲದ ಬದುವಿನ ಹುಣಸೆಮರದ ಕೆಳಗೆ ಗೋಣಿತಾಟಿನ ಗುಡಾರ ಕಾಣಿಸಿತು. ನನ್ನನ್ನು ಕಂಡು ಹುಡುಗಿ ಮರದ ಹಿಂದೆ ಸರಿದಳು. ತಾಯಿ ಎದ್ದು ನಿಂತಳು, ಎರಡು ಕೈಯನ್ನೂ ಅಗಲಿಸಿ, ಮಗಳಿಗೂ ನನಗೂ ನಡುವೆ.

"ಕರ್ಕೊಂಡು ಹೋಗೋಕೆ ಬಂದಿಲ್ಲ. ಚೀಟಿ ತಂದಿದ್ದೀನಿ" ಎಂದೆ.

ಅವಳು ಚೀಟಿ ಮುಟ್ಟಲಿಲ್ಲ. ಗುಡಾರದೊಳಗೆ ಅತ್ತೆ ತೆರೆದ ಬದಿಗೆ ತಿರುಗಿ ಮಲಗಿದ್ದಳು. ಹೊಲದವರು ಕೊಟ್ಟ ರಾಗಿಹಿಟ್ಟಿನ ಗಂಜಿ ಬಿಟ್ಟರೆ ಮೂರು ದಿನದಿಂದ ಏನೂ ಸೇರುತ್ತಿಲ್ಲವಂತೆ. ನಾನು ನೆಲದ ಮೇಲೆ ಕೂತೆ. ಏನು ಕೇಳಬೇಕೆಂದು ಹೊಳೆಯದೆ, ಎರಡು ತಿಂಗಳ ಹಿಂದೆ ಕೇಳಿದ್ದನ್ನೇ ಬೇರೆ ದನಿಯಲ್ಲಿ ಕೇಳಿದೆ.

"ಯಾಕೆ ಕಳಿಸೋಲ್ಲ?"

"ದೊಡ್ಡೋಳನ್ನ ಕಳಿಸಿದ್ದೆನಲ್ಲ" ಎಂದಳು. "ಜ್ವರ ಬಂದು ಅಲ್ಲೇ ಸತ್ತೋದ್ಲು. ನಮ್ಗೆ ಹೇಳೋ ಹೊತ್ಗೆ ಮಣ್ಣು ಮಾಡಿದ್ರು. ನಿಮ್ಗಿಂತ ಮುಂಚೆ ಇದ್ದ ಸಾಹೇಬ್ರಿಗೆ ಎಲ್ಲಾ ಹೇಳಿದ್ದೀನಿ. ಬರ್ಕೊಂಡವ್ರೆ. ನಿಮ್ಮ ಪುಸ್ತಕದಾಗೇ ಐತಲ್ಲ, ನಿಮ್ಗೆ ಗೊತ್ತಿರ್ತೈತೆ ಅಂದ್ಕೊಂಡೆ. ಗೊತ್ತಿದ್ದೂ ಕೇಳ್ತಾ ಅವ್ರೆ ಅಂತ ನಾನು ಮಾತಾಡ್ಲಿಲ್ಲ."

ಚೀಟಿಯನ್ನು ಗುಡಾರದ ಬಾಯಲ್ಲಿ ಕಲ್ಲಿನ ಕೆಳಗಿಟ್ಟೆ. ಅದು ನಮ್ಮ ಸೊಸೈಟಿಯಲ್ಲಲ್ಲದೆ ಬೇರೆಲ್ಲೂ ನಡೆಯುವುದಿಲ್ಲ ಎಂದು ಆಮೇಲೆ ನೆನಪಾಯಿತು. ನಂದಗುಡಿಯ ಅಂಗಡಿಯಿಂದ ಅಕ್ಕಿ, ಬೆಲ್ಲ, ಬ್ರೆಡ್ಡು ತಂದು ಮುದುಕಿಯ ಪಕ್ಕ ಇಟ್ಟು, ಕೊನೆಯ ಬಸ್ಸು ತಪ್ಪಿಸಿಕೊಳ್ಳಬಾರದೆಂದು ಹೊರಟೆ.

ಮಾರನೆಯ ದಿನ, ನನಗಿಂತ ಮುಂಚೆ ಇದ್ದವರ ಹಳೆಯ ಪುಸ್ತಕ ಹುಡುಕಿ ತೆಗೆದೆ. ದೊಡ್ಡ ಹುಡುಗಿಯ ಹೆಸರು ಇತ್ತು. ಅದರ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಎರಡೇ ಪದ: 'ಶಾಲೆ ಬಿಟ್ಟಿದ್ದಾಳೆ'.

ನಾನು ಅದರ ಕೆಳಗೆ, ಹುಡುಗಿ ವಸತಿಶಾಲೆಯಲ್ಲಿ ಜ್ವರದಿಂದ ತೀರಿಕೊಂಡಳು ಎಂದು ಬರೆದು ಸಹಿ ಹಾಕಿದೆ. ಅವಳ ತಂಗಿಯನ್ನು ಪಕ್ಕದ ಹಳ್ಳಿಯ ಶಾಲೆಗೆ, ದಿನಾ ಮನೆಗೆ ಮರಳುವಂತೆ ಸೇರಿಸಲಾಗುವುದು ಎಂದು ಮೇಲಕ್ಕೆ ಪತ್ರ ಕಳಿಸಿದೆ. ಆ ತಿಂಗಳಿಂದ ಮೂವತ್ತು ಮನೆಗೂ ಚೀಟಿ ಕೊಟ್ಟೆ. ಮೇಲಧಿಕಾರಿ ಕೂಗಾಡಿದರು.

"ಹಳೇ ದಾಖಲೆ ತಿದ್ದೋಕೆ ನಿಮಗೆ ಯಾರಮ್ಮ ಹೇಳಿದ್ದು?"

"ತಿದ್ದಿಲ್ಲ ಸಾರ್. ಕೆಳಗೆ ಬರೆದಿದ್ದೀನಿ."

ಮೆಮೊ ಬಂತು. ಮರುವರ್ಷ ನೆಲಮಂಗಲದ ಕಚೇರಿಗೆ ವರ್ಗ ಮಾಡಿದರು. ಅದಕ್ಕೂ ಮೊದಲೇ, ಯುಗಾದಿಯ ಹೊತ್ತಿಗೆ, ಆ ಸಂಸಾರ ಕಾಲೋನಿಗೆ ಮರಳಿತ್ತು, ಮುದುಕಿಯೊಬ್ಬಳನ್ನು ಬಿಟ್ಟು. ಅವಳು ದಾರಿಯಲ್ಲೇ ತೀರಿಕೊಂಡಿದ್ದಳು. ವಯಸ್ಸಾಗಿತ್ತು ಎಂದು ಎಲ್ಲರೂ ಹೇಳಿದರು. ಹುಡುಗಿ ಹಳ್ಳಿಯ ಶಾಲೆಗೆ ಸೇರಿದಳು. ನನ್ನ ನಂತರ ಬಂದವರು ಮತ್ತೆ ಚೀಟಿ ನಿಲ್ಲಿಸಿದರೋ ಇಲ್ಲವೋ ನಾನು ವಿಚಾರಿಸಲಿಲ್ಲ. ವಿಚಾರಿಸಬಹುದಾಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಅಪ್ಪ ತೀರಿಕೊಂಡ ವರ್ಷ, ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿಯ ತಾಯಿ ಮಣಿಸರ ಹರಡಿಕೊಂಡು ಕೂತಿದ್ದಳು. ಅವಳೇ ಗುರುತು ಹಿಡಿದು ಕರೆದಳು. ಮಗಳು ಏಳನೇ ಕ್ಲಾಸಿನವರೆಗೆ ಓದಿದಳಂತೆ. ಮದುವೆಯಾಗಿದೆ, ಅಳಿಯ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಲಾರಿಗೆ ಲೋಡು ತುಂಬುತ್ತಾನೆ. ಅವಳು ಹೇಳುತ್ತಲೇ ಇದ್ದಳು, ನಾನು ನಡುವೆ ಬಾಯಿ ಹಾಕಿ, ಇಷ್ಟು ವರ್ಷ ಹೇಳಬೇಕೆಂದುಕೊಂಡದ್ದನ್ನು ಹೇಳಿದೆ.

"ಆವತ್ತು ನಾನು ಚೀಟಿ ನಿಲ್ಲಿಸಿದ್ದು ತಪ್ಪಾಯ್ತು."

"ಹೂಂ ಮೇಡಮ್ಮ," ಎಂದಳು, "ತಪ್ಪಾಯ್ತು."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನ ಹೇಳುವ ಮನಸ್ಸೂ ಇರಲಿಲ್ಲ. ಹೊಸಕೋಟೆ ಬಸ್ಸು ಬಂತು. ಅವಳು ಸರಗಳನ್ನು ಬಾಚಿ ಜೋಳಿಗೆಗೆ ತುಂಬಿಕೊಂಡು, ನೂಕುನುಗ್ಗಲಿನಲ್ಲಿ ಹೇಗೋ ಹತ್ತಿಕೊಂಡಳು.