ಸಾಂಗ್ಲಿವಾಡಿಯಲ್ಲಿ ನಾನು ಹಿಡಿದಿಟ್ಟ ಸೂರ್ಯ

ನೀವು ಇದನ್ನು ನಂಬುವುದಿಲ್ಲ, ನನಗೆ ಗೊತ್ತು. ಆದರೂ ಹೇಳುತ್ತೇನೆ. ಹೋದ ಚಳಿಗಾಲದಲ್ಲಿ ನಮ್ಮ ಸಾಂಗ್ಲಿವಾಡಿಯ ಕಬ್ಬಿನ ಹೊಲಗಳ ಹಿಂದೆ ಮುಳುಗಬೇಕಾಗಿದ್ದ ಸೂರ್ಯನನ್ನು ನಾನು ಮುಕ್ಕಾಲು ತಾಸು ತಡೆದು ನಿಲ್ಲಿಸಿದ್ದೆ. ಹತ್ತನೇ ಕ್ಲಾಸಿನ ಹುಡುಗ, ಭೂಗೋಳದಲ್ಲಿ ನೂರಕ್ಕೆ ಮೂವತ್ತೇಳು. ಇಷ್ಟೆಲ್ಲ ಸಾಹಸ ಮಾಡಿದ್ದು ಅಪ್ಪನ ಜೊತೆ ಕೂತು ಒಂದು ರೊಟ್ಟಿ ತಿನ್ನಲು.

ನಾವು ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಊಟ ಮಾಡುವುದಿಲ್ಲ. ಮುಳುಗುವ ಅರ್ಧ ತಾಸು ಮೊದಲು ಅಜ್ಜಿ ತಟ್ಟೆಯ ಮುಂದೆ ಕೂರುತ್ತಾಳೆ, ಅವಳ ಹಿಂದೆ ಮನೆಯೆಲ್ಲ ಕೂರುತ್ತದೆ. ಸೂರ್ಯ ಹೋದನೆಂದರೆ ಒಲೆ ಬಂದ್, ಪಾತ್ರೆ ಬಂದ್. ಅಪ್ಪ ಮಾತ್ರ ಆ ಹೊತ್ತಿಗೆ ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ಮುಂದೆ ನಿಂತು ಪಂಪಿನ ಭಾಗಗಳನ್ನು ಕೊರೆಯುತ್ತಿರುತ್ತಾನೆ. ಬೆಳಿಗ್ಗೆ ನಾವು ಏಳುವ ಮೊದಲೇ ಎರಡು ಡಬ್ಬಿ ಒಯ್ಯುತ್ತಾನೆ. ಒಂದು ಮಧ್ಯಾಹ್ನಕ್ಕೆ, ಇನ್ನೊಂದು ಸಂಜೆ ಐದಕ್ಕೆ. ತಣ್ಣಗಾದ ರೊಟ್ಟಿಯನ್ನು ಅಲ್ಲೇ ನಿಂತು ನುಂಗುತ್ತಾನೆ. ಸಾಂಗ್ಲಿ ಪೇಟೆ ದಾಟಿ, ಕೃಷ್ಣಾ ನದಿಯ ಪೂಲು, ಅಂದರೆ ಸೇತುವೆ, ದಾಟಿ ಅವನು ಮನೆ ಮುಟ್ಟುವಾಗ ಆರೂವರೆ. ಚಳಿಗಾಲದಲ್ಲಿ ಸೂರ್ಯ ಆರೂ ಐದಕ್ಕೇ ಕೈಕೊಡುತ್ತಾನೆ. ಬೇಸಿಗೆಯಲ್ಲಿ ಸೂರ್ಯ ಏಳರ ತನಕ ಕಾಯಲು ತಯಾರಿರುತ್ತಾನೆ, ಆದರೆ ಅದು ಪಂಪಿನ ಸೀಜನ್, ಆಗ ಓವರ್‌ಟೈಮ್. ಭಾನುವಾರ ಆರಗ ಊರಿನಲ್ಲಿರುವ ನಮ್ಮ ಹೊಲ ನೋಡಲು ಬಸ್ಸು ಹತ್ತಿದರೆ ಕತ್ತಲಾದ ಮೇಲೇ ವಾಪಸ್. ನನ್ನ ಅಪ್ಪನಿಗೆ ಹಲ್ಲಿವೆ ಎಂಬುದನ್ನು ನಾನು ಆಧಾರ್ ಕಾರ್ಡಿನ ಫೋಟೋ ನೋಡಿ ತಿಳಿದುಕೊಳ್ಳೋಣವೆಂದರೆ ಅಲ್ಲೂ ಅವನು ಬಾಯಿ ಮುಚ್ಚಿಕೊಂಡಿದ್ದಾನೆ.

ಒಂದನೇ ಕ್ಲಾಸಿನ ನನ್ನ ತಂಗಿಗೆ ಶಾಲೆಯಲ್ಲಿ ‘ನಮ್ಮ ಕುಟುಂಬ’ ಅಂತ ಚಿತ್ರ ಬರೆಯಲು ಹೇಳಿದ್ದರು. ಅವಳ ಚಿತ್ರದಲ್ಲಿ ನಾವು ನಾಲ್ವರು ನಿಂತಿದ್ದೆವು. ಅಪ್ಪ ಕೆಳಗೆ ಉದ್ದಕ್ಕೆ ಮಲಗಿದ್ದ, ಮೇಲೆ ಚಾದರ.

“ಇದ್ಯಾಕ ಹಿಂಗ ತಗದಿಯೇ? ನೋಡಿದಾವ್ರು ಏನಂದಾರು?” ಅಂತ ಅವ್ವ ಬೈದಳು.

“ನಾ ನೋಡಿದಾಗೆಲ್ಲಾ ಹಂಗಽ ಇರ್ತಾರ” ಅಂದಳು ತಂಗಿ.

ಅವ್ವ ನಗಲಿಲ್ಲ. ನಾನು ನಕ್ಕೆ, ಆಮೇಲೆ ಯಾಕೆ ನಕ್ಕೆನೋ ಅನಿಸಿತು.

ಅದೇ ವಾರ ಮೊಬೈಲಿನಲ್ಲಿ ಒಂದು ಮರಾಠಿ ವಿಡಿಯೋ ಸಿಕ್ಕಿತು. ಕೆಲಸಕ್ಕೆ ಹೋಗುವ ಅಪ್ಪಂದಿರು ಮನೆಯವರಿಗೆ ಹೇಗೆ ಸಮಯ ಕೊಡಬೇಕು ಅಂತ. ಬಿಳಿ ಸೋಫಾದ ಮೇಲೆ ಕೂತ ಒಬ್ಬ ಮನುಷ್ಯ, ದಿನಕ್ಕೆ ಒಂದು ಊಟ ಎಲ್ಲರೂ ಕೂಡಿ ಮಾಡಿರಿ, ಸಾಕು, ಅಂದ. ಅವನ ಕೈ ನೋಡಿದರೆ ಜನ್ಮದಲ್ಲಿ ಲೇತ್ ಮುಟ್ಟಿದವನಲ್ಲ. ನಾನು ಅದನ್ನು ಅಪ್ಪನಿಗೆ ಕಳಿಸಿದೆ. ಅಪ್ಪ ಕೈಮುಗಿದ ಚಿಹ್ನೆ ಕಳಿಸಿದ. ರಾತ್ರಿ ಕೇಳಿದರೆ, “ಅರ್ಧಾ ತಾಸು ಲಗೂ ಬಿಡ್ರಿ ಅಂತ ಶೇಠನ ಕೇಳಿದ್ನೆಪ. ಲಗೂ ಬಿಡತೇನಿ, ಆದ್ರ ನಾಳಿಂದ ಬರೂದಽ ಬ್ಯಾಡ ಅಂದಾ” ಅಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ತಂಗಿಯ ಚಿತ್ರದಲ್ಲಿದ್ದ ಹಾಗೆಯೇ.

ಶೇಠ ಬಗ್ಗುವುದಿಲ್ಲ. ಅಪ್ಪ ಹಾರಿ ಬರುವುದಿಲ್ಲ. ಉಳಿದವನು ಸೂರ್ಯ ಒಬ್ಬನೇ.

ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮಿರಜಿನ ಡಾಕ್ಟರು ಆಪರೇಷನ್ ಆಗಬೇಕು ಅಂದು ಒಂದು ವರ್ಷವಾಯಿತು. ಕರೆದೊಯ್ಯಲು ಅಪ್ಪನಿಗೆ ರಜೆ ಸಿಗಬೇಕು, ಅದು ಸಿಕ್ಕಿಲ್ಲ. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ವೇಳೆ ಓದಿ ಹೇಳುವ ದೊಡ್ಡ ಹುದ್ದೆ ನನ್ನದು. ಗಡಿಯಾರ ನೋಡಿ ಹೇಳುವವನೂ ನಾನೇ. ನೀವೇ ಯೋಚನೆ ಮಾಡಿ: ಮನೆಯ ಸೂರ್ಯ, ಗಡಿಯಾರ ಎರಡೂ ನನ್ನ ನಾಲಿಗೆಯ ಮೇಲೆ! ಮುಳುಗುವ ವೇಳೆಯನ್ನು ದಿನಕ್ಕೆ ಮೂರು ನಿಮಿಷ ಮುಂದೆ ತಳ್ಳಿದರೆ ಹದಿನೈದು ದಿನಕ್ಕೆ ನಲವತ್ತೈದು. ಆಗ ಅಜ್ಜಿ ಕೂರುವ ಹೊತ್ತಿಗೆ ಸರಿಯಾಗಿ ಅಪ್ಪ ಬಾಗಿಲಲ್ಲಿ.

“ಇವತ್ತ ಎಷ್ಟಕ್ಕ ಮುಳಗತೈತೋ?”

“ಆರೂ ಎಂಟಕ್ಕ ಐತ್ರಿ, ಅಜ್ಜಿ.”

“ನಿನ್ನಿ ಆರೂ ಐದಂದಿ?”

“ಸಂಕ್ರಾಂತಿ ಹತ್ರ ಬಂತಲ್ರಿ. ದಿನಾ ಬೆಳಿಯಾಕ ಹತ್ಯಾವ.”

ಐದನೇ ದಿನಕ್ಕೆ ಅಜ್ಜಿ ತಲೆ ಕೆರೆದುಕೊಂಡಳು. “ಸಂಕ್ರಾಂತಿಗೆ ದಿನಾ ಎಳ್ಳಷ್ಟು ಬೆಳಿತೈತಿ ಅಂತ ನಮ್ಮವ್ವ ಅಂತಿದ್ಳು. ಇದೇನೋ ತೆಂಗಿನಕಾಯಿಯಷ್ಟು ಬೆಳಿಯಾಕ ಹತ್ತೈತಿ!”

“ಈಗಿನ ಹವಾ ಬದಲಾಗೇತ್ರಿ” ಅಂದೆ. ವಿಜ್ಞಾನದ ಮೇಷ್ಟ್ರು ಕೇಳಿದ್ದರೆ ಅಲ್ಲೇ ರಾಜೀನಾಮೆ ಕೊಡುತ್ತಿದ್ದರು.

ಎಂಟನೇ ದಿನದಿಂದ ಸೊಳ್ಳೆಯ ನೆಪ ಹೇಳಿ ಕಿಟಕಿ ಮುಚ್ಚಿದೆ, ಟ್ಯೂಬ್‌ಲೈಟ್ ಹಚ್ಚಿದೆ. ಪೊರೆ ಬಂದ ಕಣ್ಣಿಗೆ ಬೆಳಕೊಂದು ಸಾಕು, ಅದು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ನಾನು ಮರೆತದ್ದು ಕಿವಿಯನ್ನು. ಆಚೆ ಓಣಿಯ ಮಸೀದಿಯಲ್ಲಿ ಸೂರ್ಯ ಮುಳುಗಿದ ಕೂಡಲೇ ಬಾಂಗ್ ಕೂಗುತ್ತಾರೆ. ಎಷ್ಟೋ ವರ್ಷ ಅಜ್ಜಿ ಅದನ್ನು ಕೇಳಿಯೇ ಕೈ ತೊಳೆದವಳು. ಹತ್ತನೇ ದಿನ ಅಜ್ಜಿ ಇನ್ನೇನು ಊಟಕ್ಕೆ ಕೂರಬೇಕು, ಕೂಗು ಶುರುವಾಗುವ ಗಳಿಗೆ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಮಿಕ್ಸರ್ ಗರ್ ಅಂತ ಎದ್ದಿತು. ಏಳು ಜನ್ಮದ ಚಟ್ನಿ ರುಬ್ಬುವಷ್ಟು ಹೊತ್ತು ಓಡಿತು. ನಾನು ಒಳಗೆ ಇಣುಕಿದೆ. ಅವ್ವ ಮಿಕ್ಸರಿನ ಮುಚ್ಚಳ ಒತ್ತಿ ಹಿಡಿದು ನಿಂತಿದ್ದಳು. ಒಳಗೆ ಏನೂ ಇರಲಿಲ್ಲ. ಖಾಲಿ.

ಅವಳು ನನ್ನ ಕಡೆ ನೋಡಲಿಲ್ಲ. ಮರುದಿನವೂ ಅದೇ ವೇಳೆಗೆ ಖಾಲಿ ಮಿಕ್ಸರ್ ಓಡಿತು. ಅಂದಿನಿಂದ ಅವ್ವ ನಮ್ಮ ಜೊತೆ ಉಣ್ಣುವುದನ್ನೂ ಬಿಟ್ಟಳು. ಯಾಕೆ ಅಂತ ಕೇಳಿದರೆ ಪಿತ್ತ ಅಂದಳು. ಎಲ್ಲರೂ ಕೂಡಿ ಉಣ್ಣಲೆಂದು ನಾನು ಮಾಡಿದ ಆಟದಲ್ಲಿ ಒಬ್ಬರು ಆಗಲೇ ಕಡಿಮೆಯಾಗಿದ್ದರು. ನಾನಂತೂ ಶಾಲೆ ಬಿಟ್ಟ ಮೇಲೆ ಎಷ್ಟು ಹೊತ್ತಿಗೆ ಬೇಕಾದರೂ ಭಡಂಗ ಚುರುಮುರಿ ತಿನ್ನುವವನು, ನನಗೇನು? ಆದರೆ ಅಜ್ಜಿ ಮದುವೆಯಾಗಿ ಬಂದ ದಿನದಿಂದ, ಜ್ವರ ಬಂದಾಗಲೂ ತಪ್ಪಿಸದ ನೇಮವನ್ನು ನನ್ನ ನಾಲಿಗೆ ನಂಬಿ ದಿನಾ ಮುರಿಯುತ್ತಿದ್ದಳು. ರಾತ್ರಿ ಮಲಗಿದಾಗ ಅದೇ ನೆನಪಾಗುತ್ತಿತ್ತು. ನಾಳೆ ನಿಲ್ಲಿಸೋಣ ಅಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದು ಮತ್ತೆ ಮೂರು ನಿಮಿಷ ತಳ್ಳುತ್ತಿದ್ದೆ.

ಹದಿನೈದನೇ ದಿನ ಅವ್ವ ಯಾರೂ ಹೇಳದೆಯೇ ಐದು ತಟ್ಟೆ ಹಾಕಿದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಅಜ್ಜಿ ಮೊದಲ ತುತ್ತು ಬಾಯಿಗಿಟ್ಟಳು. ಹೊರಗೆ ಅಪ್ಪನ ಹಳೇ ಗಾಡಿ ಕೆಮ್ಮಿ ನಿಂತಿತು. ಖಾಲಿ ಡಬ್ಬಿಗಳ ಚೀಲ ಹಿಡಿದು ಅಪ್ಪ ಒಳಗೆ ಬಂದ.

ಅಜ್ಜಿ ಸಪ್ಪಳದಿಂದಲೇ ಗುರುತು ಹಿಡಿದಳು. “ಬಂದ್ಯಾ? ಅಯ್ಯ ನನ ಮಗನ, ಇವತ್ತರ ಹೊತ್ತಿಗೆ ಸರಿಯಾಗಿ ಬಂದಿ ನೋಡು! ಮುಳಗಾಕ ಇನ್ನೂ ಇಪ್ಪತ್ತು ನಿಮಿಷ ಐತಿ. ಕೈ ತೊಳ್ಕೊ, ಕುಂದ್ರ ಬಾ.”

ಅಪ್ಪ ಟ್ಯೂಬ್‌ಲೈಟ್ ನೋಡಿದ. ಮುಚ್ಚಿದ ಕಿಟಕಿ ನೋಡಿದ. ಅವ್ವ ತಲೆ ಕೆಳಗೆ ಹಾಕಿದ್ದಳು. ಆಮೇಲೆ ನನ್ನನ್ನು ನೋಡಿದ. ಆ ವರ್ಷವೆಲ್ಲ ಕೂಡಿಸಿದರೂ ಅವನು ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಕೈ ತೊಳೆದು ಬಂದು ಕೂತ. ತಂಗಿ ತನ್ನ ತಟ್ಟೆಯನ್ನು ಸರ್ರನೆ ಅವನ ಮೊಣಕಾಲಿಗೆ ತಾಗಿಸಿಟ್ಟಳು. ಅಜ್ಜಿ ತಡವಿ ತಡವಿ ಅವನ ತಟ್ಟೆಗೆ ಚಟ್ನಿ ಹಾಕಿದಳು. ಅಪ್ಪ ರೊಟ್ಟಿಯ ಒಂದು ಚೂರು ಮುರಿದ. ಮುರಿದದ್ದನ್ನು ಹಾಗೇ ಹಿಡಿದುಕೊಂಡು ಕೂತ. ನಾನು ಮನಸ್ಸಿನಲ್ಲೇ ತಿನ್ನಿರಿ, ತಿನ್ನಿರಿ ಅನ್ನುತ್ತಿದ್ದೆ.

ಅಪ್ಪ ಚೂರನ್ನು ತಟ್ಟೆಗೆ ವಾಪಸ್ ಇಟ್ಟ.

“ಅವ್ವಾ, ನಾ ಗಾಡಿ ಲೈಟ್ ಹಚ್ಕೊಂಡು ಬಂದೇನಿ. ಪೂಲಿನ ಮ್ಯಾಲಿನ ದೀಪಾನೂ ಎಲ್ಲಾ ಹತ್ಯಾವ.”

ಅಜ್ಜಿಯ ಬಾಯಿ ಆಡುವುದು ನಿಂತಿತು. ತುತ್ತನ್ನು ನಿಧಾನವಾಗಿ ಅಂಗೈಗೆ ತೆಗೆದುಕೊಂಡು ಮುಷ್ಟಿ ಮುಚ್ಚಿದಳು. ಆಮೇಲೆ ಕೇಳಿದಳು. ನನ್ನನ್ನಲ್ಲ, ಅವನನ್ನು.

“ಎಷ್ಟ ದಿನದಿಂದ ಹಿಂಗ ನಡದೈತಿ?”

“ನನಗ ಹ್ಯಾಂಗ ಗೊತ್ತಾಗಬೇಕವ್ವಾ” ಅಂದ ಅಪ್ಪ. “ನಾ ಮನ್ಯಾಗ ಇರಂಗಿಲ್ಲಲಾ.”